ಮೊಸರನ್ನದ ಡಬ್ಬಿ ಮತ್ತು ಪಕ್ಕದ ಮನೆಯ ಖಾವ್ ಸ್ವೇ

ಕುವೈತಿನ ಅಹ್ಮದಿಯ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ರಂಗೂನಿನಲ್ಲಿ ಹುಟ್ಟಿ ಬೆಳೆದವರು. ತೊಂಬತ್ತರ ಆರಂಭದ, ಯುದ್ಧಕ್ಕೆ ಮುಂಚಿನ ಆ ಚಳಿಗಾಲದಲ್ಲಿ ಶುಕ್ರವಾರ ಬಂತೆಂದರೆ ಅವರಲ್ಲಿ ಬರ್ಮಾದ ಊಟ, ಹೆಚ್ಚಾಗಿ ಖಾವ್ ಸ್ವೇ ಎಂಬ ತೆಂಗಿನಹಾಲಿನ ನೂಡಲ್ಸ್; ನಮಗೆಲ್ಲ ಕರೆ. ಅವರ ಪದ್ಧತಿಯಂತೆ ಮೊದಲ ಸೌಟು ಯಾವಾಗಲೂ ಮೇಜಿನಲ್ಲಿದ್ದ ಹಿರಿಯರಿಗೆ. ಆಮೇಲೆ ಉಳಿದವರು ಚಮಚ ಎತ್ತಬೇಕು.

ನನ್ನ ಐದು ವರ್ಷದ ಮಗಳಿಗೆ ಸೋಯಾ ಆಗುತ್ತಿರಲಿಲ್ಲ. ಒಮ್ಮೆ ಯಾರದೋ ಮನೆಯ ಸೋಯಾ ಸಾಸ್ ಹಾಕಿದ ನೂಡಲ್ಸ್ ತಿಂದು ಅವಳ ತುಟಿ ಊದಿ, ಉಸಿರು ಕಟ್ಟಿ, ಆಸ್ಪತ್ರೆಗೆ ಓಡಿದ್ದೆವು. ಅಂದಿನಿಂದ ಎಲ್ಲಿಗೆ ಹೋದರೂ ಅವಳಿಗೊಂದು ಮೊಸರನ್ನದ ಡಬ್ಬಿ.

"ಪಾಪ, ಈ ಡಬ್ಬಿಯೂ ನಮ್ಮಷ್ಟೇ ತಿರುಗುತ್ತದೆ. ಅದಕ್ಕೂ ಒಂದು ಇಕಾಮಾ, ಇಲ್ಲಿ ವಾಸಕ್ಕೆ ಪರವಾನಗಿ, ಮಾಡಿಸಿಬಿಡುವ" ಎಂದು ನನ್ನವರು ನಗುತ್ತಿದ್ದರು.

ಆಂಟಿಗೆ ಮಾತ್ರ ನಾನು ಕಾರಣ ಹೇಳಿರಲಿಲ್ಲ. ಊಟದ ಮೇಜಿನಲ್ಲಿ ಕಾಯಿಲೆಯ ಮಾತು ಆಡಬಾರದೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರಲ್ಲ! "ಅವಳಿಗೆ ಇದೇ ಅಭ್ಯಾಸ" ಎಂದಷ್ಟೇ ಹೇಳುತ್ತಿದ್ದೆ. ಮಗಳು ಮೊಸರನ್ನ ಕಲಸುತ್ತ ನಮ್ಮ ಬಟ್ಟಲುಗಳನ್ನೇ ನೋಡುತ್ತಿದ್ದಳು.

ಮೂರನೇ ಶುಕ್ರವಾರ ನಾನು ಡಬ್ಬಿ ತೆರೆದಾಗ ಆಂಟಿ ಒಣಗಿದ್ದ ಸೌಟನ್ನೇ ಮತ್ತೆ ಒರೆಸಿದರು. ಆಮೇಲೆ ಅವರ ಮುರುಕು ಹಿಂದಿಯಲ್ಲಿ ಕೇಳಿದರು: "ಬೇಟಿ, ನನ್ನ ಅಡುಗೆಮನೆ ಮೀನು ವಾಸನೆ ಬರುತ್ತದಾ? ಮಗುವಿಗೆ ನನ್ನ ಕೈಯ ಒಂದು ತುತ್ತೂ ಬೇಡವಾ?"

ನನ್ನ ಕಿವಿ ಬಿಸಿಯಾಯಿತು. ಆಸ್ಪತ್ರೆಯ ಕತೆಯನ್ನೆಲ್ಲ ಹೇಳಿದೆ.

"ಇಷ್ಟು ದಿನ ಬಾಯಿಗೆ ಬೀಗ ಹಾಕಿದ್ದೆಯಾ?" ಆಂಟಿ ಸೌಟು ಕೆಳಗಿಟ್ಟರು. "ನೀನು ನೋಡದಿದ್ದಾಗ ನಾನೊಂದು ಚಮಚ ತಿನ್ನಿಸಿಬಿಟ್ಟಿದ್ದರೆ?"

ಮುಂದಿನ ಶುಕ್ರವಾರ ಬೆಳಿಗ್ಗೆಯೇ ಕರೆದರು. ಸೋಯಾ ಸಾಸಿನ ಬಾಟಲಿ ಆಗಲೇ ಹಿಂಬಾಗಿಲ ಹೊರಗೆ ಕುಳಿತಿತ್ತು. "ಅದು ನನ್ನ ಸೋಮಾರಿತನ. ನಮ್ಮಮ್ಮ ಖಾವ್ ಸ್ವೇಗೆ ಅದನ್ನು ಮುಟ್ಟುತ್ತಲೇ ಇರಲಿಲ್ಲ" ಎಂದರು. ಬಾಣಲೆ, ಸೌಟು ಎರಡೆರಡು ಸಲ ತೊಳೆದರು. ಕನ್ನಡಕ ಹಾಕಿಸಿ ನನ್ನಿಂದ ಒಂದೊಂದೇ ಲೇಬಲ್ ಓದಿಸಿದರು. ಮೀನಿನ ಸಾಸ್: ಮೀನು, ಉಪ್ಪು. ನೂಡಲ್ಸ್: ಅಕ್ಕಿ, ನೀರು. ಎಣ್ಣೆ ಕಡಲೆಕಾಯಿಯದು. ಕಡಲೆಹಿಟ್ಟು ಹುರಿಯುವಾಗ ನಮ್ಮೂರಿನ ಲಾಡಿನ ಪರಿಮಳ! ಅದನ್ನು ಕೋಳಿ ಬೇಯುತ್ತಿದ್ದ ತೆಂಗಿನಹಾಲಿಗೆ ಕದಡಿ, ಅರಿಸಿನ ಹಾಕಿದರು. ಸಾರು ಕೆನೆಯಂತೆ ಮಂದವಾಯಿತು.

ಮಧ್ಯಾಹ್ನ ಡಬ್ಬಿ ಮನೆಯಲ್ಲೇ ಉಳಿಯಿತು. ಆಂಟಿ ನೂಡಲ್ಸಿನ ಮೇಲೆ ಸಾರು ಸುರಿದು, ನಿಂಬೆ ಹಿಂಡಿ, ಬಟ್ಟಲನ್ನು ನೇರ ಮಗಳ ಮುಂದಿಟ್ಟರು. ಅವಳು ತಿನ್ನಲಿಲ್ಲ. ಇಷ್ಟು ವಾರ ಸುಮ್ಮನೆ ಕುಳಿತು ನೋಡಿದ್ದಳಲ್ಲ, ಚಮಚದ ತುಂಬ ಸಾರೆತ್ತಿ ಆಂಟಿಯ ಬಟ್ಟಲಿಗೆ ಹಾಕಿದಳು.

"ಯೂ ಫಸ್ಟ್, ಆಂಟಿ."

ಆಂಟಿ ಅದನ್ನು ಕುಡಿದು, ಬರ್ಮಾದ ಉಡುಗೆಗೆ ಸೆರಗಿಲ್ಲವಲ್ಲ, ಭುಜಕ್ಕೇ ಕಣ್ಣು ಒರೆಸಿಕೊಂಡರು. ಆಮೇಲೆ ಮಗಳು ತಿಂದಳು, ಮತ್ತೆ ಹಾಕಿಸಿಕೊಂಡಳು. ಆಂಟಿಯೂ ನಾನೂ ಊಟ ಮರೆತು ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಅರ್ಧ ಗಂಟೆ ಕಳೆದರೂ ಆ ಪುಟ್ಟ ತುಟಿಗಳ ಮೇಲೆ ಅರಿಸಿನದ ಹಳದಿಯ ಹೊರತು ಬೇರೇನೂ ಇರಲಿಲ್ಲ.