ಒಳಗೆ ಎರಡಿಂಚು

ನಮ್ಮ ಹೊಲಿಗೆ ಅಂಗಡಿಯ ಅಕ್ಕ ಕಣ್ಣು ಮುಚ್ಚಿಕೊಂಡೇ ಸೂಜಿಗೆ ದಾರ ಪೋಣಿಸುವವಳು. ಅಂಥವಳು ಆ ವಾರ ಮೂರು ಸಲ ಬೆರಳು ಚುಚ್ಚಿಕೊಂಡಳು. ಕಾಜಾ, ಗುಂಡಿ ಹಾಕುವ ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಹನ್ನೊಂದು ವರ್ಷ ಗಂಡ ಕತ್ತರಿಸಿದ, ಅವಳು ಹೊಲಿದಳು. ನಾಲ್ಕು ಹಿರಿಯರ ಮುಂದೆ ಆದ ಮದುವೆ. ಕಾಗದಪತ್ರ ಒಂದೂ ಇಲ್ಲ. ಎಂಟು ತಿಂಗಳ ಹಿಂದೆ ಬಿಟ್ಟುಹೋದವನು ಈಗ ಕೋರ್ಟಿನಲ್ಲಿ, ಇವಳು ಹೆಂಡತಿಯಲ್ಲ, ಅಂಗಡಿ ಕೆಲಸದವಳು, ಎರಡೂ ಮಷಿನ್ ನನ್ನವೇ, ಮಗುವಿಗೂ ನನಗೂ ಸಂಬಂಧವಿಲ್ಲ ಎಂದು ಬರೆದುಕೊಟ್ಟಿದ್ದ. ಅವನ ಬಾಯಿಗೆ ಮಣ್ಣು ಹಾಕ! ಹಿರಿಯರಲ್ಲಿ ಇಬ್ಬರು ತೀರಿಕೊಂಡಿದ್ದರು, ಉಳಿದಿಬ್ಬರಿಗೆ ಇದ್ದಕ್ಕಿದ್ದಂತೆ ಮರೆವು ಬಂದಿತ್ತು.

"ಮಷಿನ್ ಹೋದ್ರೆ ಹಾಳಾಗ್ಹೋಗ್ಲಿ ಕಣೇ. ನನ್ನ ಮಗೂನ ಯಾರದ್ದೋ ಅಂದ್ಬಿಟ್ರೆ?" ಎನ್ನುತ್ತಿದ್ದಳು ಅಕ್ಕ.

ಅವನ ಕೈಬರಹದ್ದು ಏನಾದರೂ ಇದೆಯೇ ಎಂದು ವಕೀಲರು ಕೇಳಿದ್ದರು. ಸಾಮಾನಿನ ಚೀಟಿ ಬರೆಯಲೂ ಸೋಮಾರಿ ಅವನು! ಬರೆಯುತ್ತಿದ್ದುದು ಗಿರಾಕಿಗಳ ಅಳತೆ ಪುಸ್ತಕ ಒಂದನ್ನೇ. ಅದು ನೆನಪಾದದ್ದೇ ನನ್ನ ಜೀವ ಬಾಯಿಗೆ ಬಂತು. ಹಳೇ ಪುಸ್ತಕದ ಹಾಳೆ ಹರಿದು ಗುಂಡಿ ಪೊಟ್ಟಣ ಕಟ್ಟುತ್ತಿದ್ದ ಮಹಾತಾಯಿ ನಾನೇ!

ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಪೊಟ್ಟಣ ಬಿಚ್ಚಿದೆವು. ಯಾರ್ಯಾರದೋ ತೋಳು, ಯಾರ್ಯಾರದೋ ಸೊಂಟ. ಅಕ್ಕನ ಅಳತೆಯಿದ್ದ ಹಾಳೆ ಕೊನೆಗೆ ಕರಿ ಗುಂಡಿಯ ಪೊಟ್ಟಣದಲ್ಲಿ ಸಿಕ್ಕಿತು.

ವಿಚಾರಣೆಯ ದಿನ ನ್ಯಾಯಾಧೀಶೆ ಅದನ್ನು ಅವನ ಕೈಗೇ ಕೊಡಿಸಿದರು. "ನಿಮ್ಮ ಬರಹ ತಾನೇ? ಓದಿ."

"ಮನೆಯವಳು. ಎದೆ ಮೂವತ್ನಾಲ್ಕು..." ಎಂದು ತಡವರಿಸಿದ. "ಮನೆಯವಳು ಅಂದ್ರೆ... ಮನೆಕೆಲಸದವಳು ಅಂತ, ಮೇಡಂ."

ಸಿಟ್ಟು ನೆತ್ತಿಗೇರಿತು ನನಗೆ. ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದಳು.

"ಕೆಳಗಿನ ಸಾಲೂ ಓದಿ," ಎಂದರು ನ್ಯಾಯಾಧೀಶೆ.

"ನಮ್ಮ ಮಗಳು. ಉದ್ದ ಇಪ್ಪತ್ತೆರಡು. ಬೆಳೆಯೋ ಮಗು, ಒಳಗೆ ಎರಡಿಂಚು ಮಡಚಿ ಬಿಡಬೇಕು."

"'ನಮ್ಮ' ಅಂದ್ರೆ ಯಾರ್ಯಾರು?"

ಅವನು ಹಾಳೆಯಿಂದ ತಲೆಯೆತ್ತಿ ಅಕ್ಕನ ಕಡೆ ತಿರುಗಿದ. "ಆ ಎರಡಿಂಚು ಬಿಚ್ಚಿದ್ದಾಯ್ತಾ?"

ಎಂಟು ತಿಂಗಳಲ್ಲಿ ಮಗಳ ಬಗ್ಗೆ ಅವನು ಕೇಳಿದ ಮೊದಲ ಮಾತು ಅದು.

"ಆರು ತಿಂಗಳ ಹಿಂದೇನೇ ಬಿಚ್ಚಿದೆ. ಈಗ ಆ ಬಟ್ಟೇನೇ ಅವಳಿಗೆ ಗಿಡ್ಡ," ಎಂದಳು ಅಕ್ಕ.

ನ್ಯಾಯಾಧೀಶೆ ಗುಮಾಸ್ತನಿಗೆ, "ತಂದೆ ಒಪ್ಪಿಕೊಂಡ್ರು ಅಂತ ಬರ್ಕೊಳ್ಳಿ," ಎಂದರು. ಅವನು ಬೇಡ ಎನ್ನಲಿಲ್ಲ.

ತಿಂಗಳು ತಿಂಗಳೂ ಮಗಳ ಖರ್ಚು ಅವನದು, ಮಷಿನ್ ಆಳಿಗೊಂದು ಎಂದು ತೀರ್ಮಾನವಾಯಿತು. ಅಕ್ಕ ಅದನ್ನೆಲ್ಲ ಕೇಳಿಸಿಕೊಳ್ಳಲೇ ಇಲ್ಲ. ನನ್ನ ಕೈ ಹಿಡಿದು ಅಳುತ್ತಿದ್ದಳು. ಸುಳ್ಳೇಕೆ, ನಾನೂ ಅತ್ತೆ.