ಕೆಂಪು ಮುಚ್ಚಳದ ಡಬ್ಬಿಯ ಜೋಳ

ನಮ್ಮ ಗೆಳೆಯರ ಬಳಗದಲ್ಲಿ ಈ ಪ್ರಸಂಗವನ್ನು ಹೇಳುವುದು ಒಂದೇ ಬಗೆಯಲ್ಲಿ: ಜೋಳದ ರೊಟ್ಟಿ ಮಾರುವ ಅಕ್ಕ ಏನೂ ತಿಳಿಯದೆ ಒಳ್ಳೆಯ ಪ್ರಯೋಗವೊಂದನ್ನು ಕೆಡಿಸಿದರು. ನಾನು ಅಲ್ಲೇ ಇದ್ದೆ. ಒಪ್ಪುವುದಿಲ್ಲ.

ಅಕ್ಕ ಕೆ.ಆರ್. ಪುರದಲ್ಲಿ ನನ್ನ ಎದುರು ರೂಮಿನವರು, ಕಲಬುರಗಿ ಕಡೆಯವರು. ಊರಿಂದ ಬಸ್ಸಿನಲ್ಲಿ ಬರುವ ಅವರ ಜೋಳದ ಚೀಲಕ್ಕೆ ನುಸಿ ಹತ್ತುತ್ತಿತ್ತು. ಬಿಸಿಲಿಗೆ ಹರಡೋಣವೆಂದರೆ ಓನರ್ ಟೆರೇಸಿಗೆ ಬೀಗ ಹಾಕಿದ್ದ. ಇದನ್ನು ಕಾಲೇಜಿನ ಡಿಬೇಟಿನಲ್ಲಿ ನನ್ನ ಜೋಡಿಯಾಗಿದ್ದ ಗೆಳೆಯನಿಗೆ ಹೇಳಿದವನು ನಾನೇ. ಅವನೀಗ ಲ್ಯಾಬೊಂದರಲ್ಲಿ ಕೀಟಗಳ ಮೇಲೆ ಕೆಲಸ ಮಾಡುತ್ತಾನೆ. ನುಸಿಯ ಮೈಯೊಳಗೆ ಒಂದು ಬ್ಯಾಕ್ಟೀರಿಯಾ ವಾಸವಾಗಿರುತ್ತದಂತೆ. ಚಿಪ್ಪು ಗಟ್ಟಿಯಾಗಲು ಬೇಕಾದದ್ದನ್ನು ಅದೇ ಒದಗಿಸುತ್ತದಂತೆ. ಅದನ್ನು ತನ್ನ ಲ್ಯಾಬಿನ ಪುಡಿಯೊಂದರಿಂದ ಕೊಂದರೆ ಮುಂದಿನ ಪೀಳಿಗೆಯ ನುಸಿಗಳು ಮೆತ್ತನೆಯ ಚಿಪ್ಪಿನಲ್ಲಿ ಹುಟ್ಟಿ, ಒಣಗಿ ಸಾಯುತ್ತವೆ. ಇಷ್ಟು ನಯವಾದ ವಾದ ಕೇಳಿದರೆ ನನಗೆ ಮೊದಲು ಬರುವುದು ಅನುಮಾನ. ತಿನ್ನುವ ಕಾಳಿಗೆ ಆ ಪುಡಿಯನ್ನು ಬೆರೆಸಬಹುದೇ ಎಂದೆ.

"ಇದು ಬ್ಯಾಕ್ಟೀರಿಯಾಗೆ ಮಾತ್ರ ಮಗಾ, ಮನುಷ್ಯರಿಗಲ್ಲ," ಅಂದ.

ಅಕ್ಕನ ಜೋಳವನ್ನೇ ಎರಡು ಡಬ್ಬಿಗೆ ತುಂಬಿ, ಎರಡಕ್ಕೂ ನುಸಿ ಬಿಟ್ಟು, ಕೆಂಪು ಮುಚ್ಚಳದ್ದಕ್ಕೆ ಮಾತ್ರ ತನ್ನ ಪುಡಿ ಬೆರೆಸಿದ. ಎರಡು ತಿಂಗಳು ಇಟ್ಟುಕೊಂಡು ವಾಪಸ್ ಕೊಡಿ ಎಂದ. ತಿನ್ನಬೇಡಿ ಎನ್ನಲಿಲ್ಲ. ನನಗೂ ಹೊಳೆಯಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಅವನು ಮತ್ತೆ ಬಂದಾಗ ಕೆಂಪು ಮುಚ್ಚಳದ ಡಬ್ಬಿಯಲ್ಲಿ ಕಪ್ಪು ನುಸಿಗಳು ಗಟ್ಟಿಮುಟ್ಟಾಗಿ ಓಡಾಡುತ್ತಿದ್ದವು. ಪುಡಿ ಸೋತಿತೆಂದು ಅವನ ಮುಖ ಸಣ್ಣದಾಯಿತು. ಆಗ ಅಕ್ಕ ನಡೆದದ್ದು ಹೇಳಿದರು. ಚೀಲದಲ್ಲೂ ಇನ್ನೊಂದು ಡಬ್ಬಿಯಲ್ಲೂ ನುಸಿ ತುಂಬಿದಾಗ ಕೆಂಪು ಮುಚ್ಚಳದ ಡಬ್ಬಿಯ ಜೋಳವೇ ಸ್ವಚ್ಛವಾಗಿ ಕಂಡಿತು. ಹೋದ ತಿಂಗಳು ಅದನ್ನೇ ಗಿರಣಿಗೆ ಹಾಕಿಸಿ ರೊಟ್ಟಿ ಬಡಿದು ತಿಂದಿದ್ದರು.

"ಖಾಲಿ ಡಬ್ಬಿ ಹ್ಯಾಂಗ್ ಕೊಡ್ಲಿ ತಮ್ಮಾ? ಅದಕ್ಕ ಚೀಲದಾಗಿನ ಜ್ವಾಳ ತುಂಬಿಟ್ಟೀನಿ."

ಅವನಿಗೆ ನಗು ಬಂತು. "ಹಾಗಿದ್ರೆ ಪುಡಿ ಗೆದ್ದಿದೆ ಗುರು. ಡೇಟಾನೇ ರೊಟ್ಟಿ ಆಗೋಯ್ತು."

ನನಗೆ ನಗು ಬರಲಿಲ್ಲ. ಅಕ್ಕನಿಗೆ ಮೂರು ವಾರದಿಂದ ಹೊಟ್ಟೆ ಕೆಟ್ಟಿತ್ತು. ರೊಟ್ಟಿ ಬಡಿಯಲು ಕೂತರೆ ನಡುವೆ ಎರಡು ಸಲ ಏಳುತ್ತಿದ್ದರು. ಟ್ಯಾಂಕರ್ ನೀರಿನಿಂದಲೂ ಆಗಿರಬಹುದು. ಪುಡಿಯಿಂದಲೇ ಎಂದು ಸಾಬೀತು ಮಾಡಲು ನನ್ನ ಬಳಿ ಏನೂ ಇಲ್ಲ. ಆದರೆ ಅಲ್ಲವೆನ್ನಲು ಅವನ ಬಳಿಯೂ ಇರಲಿಲ್ಲ. ಅವನು ಬ್ಯಾಗಿನ ಜಿಪ್ ಎಳೆಯುತ್ತಿದ್ದಾಗ ಅಕ್ಕನ ಎದುರಿಗೇ ಕೇಳಿದೆ:

"ನುಸಿಯೊಳಗಿರೋ ಬ್ಯಾಕ್ಟೀರಿಯಾನ ಕೊಲ್ಲೋ ಪುಡಿ, ಇವರ ಹೊಟ್ಟೇಲಿರೋ ಒಳ್ಳೇ ಬ್ಯಾಕ್ಟೀರಿಯಾನ ಮಾತ್ರ ಬಿಟ್ಬಿಡತ್ತೆ ಅಂತ ಯಾರಾದ್ರೂ ಪರೀಕ್ಷೆ ಮಾಡಿದೀರಾ?"