ಸಾಕಕ್ಕ ಡಿಗ್ರಿ ನೋಡಿದ ಐದನೆಯ ಭಾಗ

ಆ ಕಾದಂಬರಿಯ ಐದನೆಯ ಭಾಗಕ್ಕೆ ನಾನು ಕೊಟ್ಟದ್ದು ಮುನ್ನೂರ ಎಂಬತ್ತು ರೂಪಾಯಿ, ಒಂದು ರೂಪಾಯಿ ಚೌಕಾಸಿಯಿಲ್ಲದೆ. ಶ್ರೀರಂಗಪಟ್ಟಣದ ಬಸ್‌ ನಿಲ್ದಾಣದ ಪಕ್ಕ ಬಾಡಿಗೆ ಪುಸ್ತಕದಂಗಡಿ ಇಟ್ಟುಕೊಂಡು ಹಳೆಯ ಪುಸ್ತಕವನ್ನು ತೂಕಕ್ಕೆ ಕೊಂಡು ಬೆಳೆದವನು ನಾನು. ಹೇಳಿದಷ್ಟು ಕೊಟ್ಟು ತಂದೆನೆಂದರೆ ಕಾರಣ ಸಾಕಕ್ಕ.

ಸಾಕಕ್ಕ ಯಾವ ಪುಸ್ತಕವನ್ನೂ ಮುಂದಿನಿಂದ ತೆರೆದವರಲ್ಲ. ಸಂತೆಬಾಚಹಳ್ಳಿ ಪಕ್ಕದ ಊರಿನ ಹಾಲಿನ ಡೈರಿಯಲ್ಲಿ ಹಾಲಿಗೆ ಗಾಜಿನ ಕಡ್ಡಿ ಇಳಿಬಿಟ್ಟು, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುವುದು ಅವರ ಕೆಲಸ. ಪುಸ್ತಕಕ್ಕೂ ಅದೇ ಕಟ್ಟಲೆ. ನನ್ನ ಪುಸ್ತಕಗಳ ಹಿಂದೆ ಒಂದು ಖಾಲಿ ಹಾಳೆ ಇರುತ್ತದೆ. ಓದಿದವರು ಅದರಲ್ಲಿ ಅಭಿಪ್ರಾಯ ಬರೆಯಬೇಕು, ಕೊನೆ ಏನಾಯಿತೆಂದು ಮಾತ್ರ ಬರೆಯಬಾರದು. ಈ ಪದ್ಧತಿ ತಂದವರೇ ಅವರು. ಮೂರು ಜನ ಬರೆಯುವ ತನಕ ಪುಸ್ತಕ ಮುಟ್ಟುತ್ತಿರಲಿಲ್ಲ. "ಡಿಗ್ರಿ ನೋಡ್ದೆ ಕ್ಯಾನಿಗೆ ಉಯ್ಕೊಂಡ್ರೆ ಎಲ್ಲಾ ಆಲೂ ಕೆಡ್ತದೆ ಕಣ್ಲಾ" ಎನ್ನುತ್ತಿದ್ದರು.

ಸಂತೆಯ ದಿನ ನಾನು ಸ್ಕೂಟರಿನಲ್ಲಿ ಪುಸ್ತಕ ಹೇರಿಕೊಂಡು ಆ ಕಡೆ ಹೋಗುತ್ತಿದ್ದೆ. ಅವರಿಗೆ ಹುಚ್ಚು ಹಿಡಿಸಿದ್ದು ಐದು ಭಾಗದ ಒಂದು ಪ್ರೇಮಕಥೆ. ಹೊಳೆಯ ಅಡಿಯಲ್ಲೊಂದು ರಾಜ್ಯ, ಅದಕ್ಕೊಬ್ಬ ಅರಸ, ಮೇಲೆ ದೋಣಿ ನಡೆಸುವ ಹುಡುಗಿ. ಅವಳನ್ನು ನೋಡಲು ಅರಸ ನೀರಿನಿಂದ ಮೇಲೆ ಬಂದಾಗಲೆಲ್ಲ ಅವನ ಮನಸ್ಸಿನಿಂದ ಅವಳ ಒಂದೊಂದು ನೆನಪು ಅಳಿಯುತ್ತದೆ. ನಾಲ್ಕನೆಯ ಭಾಗ ಮುಗಿಯುವಷ್ಟರಲ್ಲಿ ಅವಳ ಹೆಸರೂ ಮರೆತಿದ್ದ.

ಬರೀ ಕತೆಯ ಹುಚ್ಚಾಗಿದ್ದರೆ ನನಗೇಕೆ ಚಿಂತೆ? ಅವರ ಯಜಮಾನರು ಚಿಕ್ಕೇಗೌಡರಿಗೆ ಲಕ್ವ ಹೊಡೆದ ಮೇಲೆ ಹೆಂಡತಿಯ ಗುರುತು ಹತ್ತುತ್ತಿರಲಿಲ್ಲ. ಸಂಜೆಯ ಹಾಲು ಮುಗಿಸಿ ಬಂದು ಸಾಕಕ್ಕ ಅವರಿಗೆ ಈ ಕತೆ ಓದುತ್ತಿದ್ದರು. ಅದೊಂದು ಹೊತ್ತು ಅವರು ಸುಮ್ಮನೆ ಕೂರುತ್ತಿದ್ದರಂತೆ. "ಕೊನೇಲಾದ್ರೂ ಗುರುತು ಇಡಿತಾನೇನ್ಲಾ ಆ ಅರಸ?" ಎಂದು ಪ್ರತಿ ಸಂತೆಗೂ ಕೇಳುತ್ತಿದ್ದರು. ಕೇಳುವಾಗ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಐದನೆಯ ಭಾಗ ಮೂವರ ಕೈ ದಾಟಿ ಬಂತು. ಪಾಂಡವಪುರದ ಟೈಲರಮ್ಮ ಬರೆದಿದ್ದರು: "ನಾಲ್ಕು ಭಾಗ ಹೊಲಿದು ಐದನೆಯದರಲ್ಲಿ ಹೊಲಿಗೆ ಬಿಚ್ಚಿದ್ದಾರೆ." ಬಸ್ಸಿನ ಕಂಡಕ್ಟರ್ ಒಬ್ಬರದು: "ಸ್ಟಾಪ್ ಬರುವ ಮೊದಲೇ ಇಳಿಸಿಬಿಟ್ಟರು." ಕೆ.ಆರ್. ಪೇಟೆಯ ಮೇಡಂ ಕಟ್ಟಲೆಯನ್ನೇ ಮುರಿದಿದ್ದರು: "ಅರಸ ಅವಳನ್ನು ಗುರುತು ಹಿಡಿಯುವುದೇ ಇಲ್ಲ. ಎರಡು ದಿನ ಊಟ ಸೇರಲಿಲ್ಲ."

ನನಗೂ ಆವತ್ತು ಊಟ ಸೇರಲಿಲ್ಲ. ಆ ಹಾಳೆಯ ಮೇಲೆ ಬಿಳಿ ಕಾಗದ ಅಂಟಿಸಿದೆ. ಮೂರು ಬೇರೆ ಬೇರೆ ಪೆನ್ನಿನಲ್ಲಿ ನಾನೇ "ಚೆನ್ನಾಗಿದೆ", "ಪರವಾಗಿಲ್ಲ", "ಓದಬಹುದು" ಎಂದು ಬರೆದೆ. ಕೊನೆಯನ್ನು ಹೇಗೂ ಸಾಕಕ್ಕ ತಾವೇ ಓದುತ್ತಾರಲ್ಲ ಎಂಬ ಬುದ್ಧಿ ಹೊಳೆದದ್ದು ದಾರಿಯಲ್ಲಿ, ಸ್ಕೂಟರ್ ಅರ್ಧ ದೂರ ಬಂದ ಮೇಲೆ.

ಸಾಕಕ್ಕ ಹಿಂದಿನ ಹಾಳೆ ತೆರೆದರು. ಹೆಬ್ಬೆರಳಿನಿಂದ ಒಮ್ಮೆ ಸವರಿದರು.

"ಆಲಿಗೆ ನೀರಾಕ್ದೋರು ಕ್ಯಾನ್ ಕೊಟ್ಬುಟ್ಟು ಎಮ್ಮೆ ಕಡೆ ನೋಡ್ತಾರೆ. ನೀನ್ಯಾಕ್ಲಾ ಸ್ಕೂಟ್ರು ಕಡೆ ನೋಡ್ತಿದ್ದೀಯ?"

ಅವರು ಒದ್ದೆ ಬಟ್ಟೆ ಒತ್ತಿ, ಕಾಗದ ಸುಲಿದು, ಮೂರನ್ನೂ ಓದಿದರು. ಮೇಡಂ ಬರೆದದ್ದನ್ನು ಎರಡು ಸಲ ಓದಿದರು.

"ಬ್ಯಾಡ ಕಣಕ್ಕ, ಇದ ಓದ್ಬ್ಯಾಡ. ನಾನೇ ಬೇರೆ ಕೊನೆ ಏಳಿಕೊಡ್ತೀನಿ, ಅದ್ನೇ ಯಜಮಾನ್ರಿಗೆ ಏಳ್ಬುಡು" ಎಂದೆ.

"ವ್ಯಾಪಾರ ನಿನ್ ಅಂಗ್ಡೀಲಿ ಮಾಡು. ಕೆಟ್ಟಿರೋ ಆಲಾದ್ರೂ ಡಿಗ್ರಿ ನಾನೇ ನೋಡ್ಬೇಕು" ಎಂದು ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ನಡೆದರು.

ಮುಂದಿನ ಸಂತೆಗೆ ಅವರು ಬರಲಿಲ್ಲ. ಡೈರಿಯಲ್ಲೂ ಇರಲಿಲ್ಲ, ರಜೆ ಎಂದರು. ಅದರ ಮುಂದಿನದಕ್ಕೂ ಇಲ್ಲ. ಮನೆಗೆ ಹೋಗಿ ಬಾಗಿಲು ತಟ್ಟಲು ಧೈರ್ಯ ಸಾಲದೆ ಎರಡು ಸಲ ಆ ಬೀದಿಯ ತಿರುವಿನಿಂದಲೇ ಹಿಂದಿರುಗಿದೆ. ಮೂರನೆಯ ಸಂತೆಗೆ ಬಂದರು, ಮುಖ ಇಳಿದಿತ್ತು.

"ಗುರುತು ಇಡೀಲಿಲ್ಲ ಕಣ್ಲಾ. ಆ ಅರಸನೂ ಇಡೀಲಿಲ್ಲ, ನಮ್ಮೆಜಮಾನ್ರೂ ಇಡೀಲಿಲ್ಲ."

ನಾನು ಚೀಲ ಬಿಚ್ಚುವ ನೆಪ ಮಾಡಿದೆ.

"ಪುಸ್ತಕ ಮುಚ್ಚಿಟ್ಟೆ. ನನ್ನೇ ನೋಡ್ತಾ ಇದ್ರು. 'ಸಂದಾಕೆ ಓದ್ತೀಯ ಕಣವ್ವ, ಯಾರ ಮನೆಯೋಳು ನೀನು? ನಾಳೀಕೂ ಬಾ' ಅಂದ್ರು."

"ನೀನೇನಂದೆ ಅಕ್ಕ?"

"ಬತ್ತೀನಿ ಅಂದೆ. ಐದ್ನೇದು ತಗೋ, ಮೊದಲ್ನೇ ಭಾಗ ಕೊಡು."

ಅದೇ ಕೊನೆಯ ಭೇಟಿ. ಆಮೇಲೆ ಮಗಳು ಬಂದು ಇಬ್ಬರನ್ನೂ ನಾಗಮಂಗಲದ ಕಡೆಗೆ ಕರೆದುಕೊಂಡು ಹೋದಳಂತೆ. ಊರಿನ ಹೆಸರು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮೊದಲನೆಯ ಭಾಗ ಇನ್ನೂ ಹಿಂದಿರುಗಿಲ್ಲ. ಅದಿಲ್ಲದೆ ಉಳಿದ ನಾಲ್ಕನ್ನು ಯಾರೂ ಬಾಡಿಗೆಗೆ ಕೇಳುವುದಿಲ್ಲ, ಬೇರೆ ಪ್ರತಿ ತರಲು ನನಗೂ ಮನಸ್ಸಿಲ್ಲ. ಐದನೆಯದರ ಹಿಂದಿನ ಹಾಳೆಯಲ್ಲಿ, ಮೇಡಂ ಬರಹದ ಕೆಳಗೆ, ಸಾಕಕ್ಕನ ಪೆನ್ಸಿಲ್ ಸಾಲು ಇದೆ: "ನೀರು ಬೆರೆಸಿಲ್ಲ. ಮತ್ತೆ ಮೊದಲಿಂದ ಓದಬಹುದು."

ನೀವೂ ಪುಸ್ತಕ ಕೊಡುವವರಾದರೆ ಒಂದು ಮಾತು ಕೇಳಿ. ಹಿಂದೆ ಖಾಲಿ ಹಾಳೆ ಇಡಿ, ಜನ ಬರೆದದ್ದರ ಮೇಲೆ ಏನನ್ನೂ ಅಂಟಿಸಬೇಡಿ. ಕೊನೆ ಹೇಗಿದೆ ಎಂದು ಯಾರಾದರೂ ಕೇಳಿದರೆ, ಚೆನ್ನಾಗಿದೆ ಚೆನ್ನಾಗಿಲ್ಲ ಎನ್ನುವ ಮೊದಲು, ಯಾರಿಗೆ ಓದಿ ಹೇಳುತ್ತೀರಿ ಎಂದು ಅವರನ್ನು ಕೇಳಿ. ಕೊಡುವಾಗ ಮುಖ ನೋಡಿ ಕೊಡಿ.